ಬಾಗಿಲ ಜೇನು ಮತ್ತು ಕಣಜ

ಸುಳ್ಳಾದರೆ ನನ್ನ ಮೀಸೆ ಬೋಳಿಸಿ, ಆನೆಗಾತ್ರದ ಜೇನುಗೂಡೊಂದನ್ನು ನಾನು ಕಂಡಿದ್ದೇನೆ. ಅದರ ಬಾಗಿಲಲ್ಲಿ ಎಳ್ಳುಕಾಳಿನಷ್ಟು ಕಾವಲು ಜೇನೊಂದೇ. ಒಳಗಿನ ಮರಿಗಳನ್ನು ತಿನ್ನಲು ಕಣಜವೊಂದು, ನಿನ್ನೆ ಸತ್ತ ಜೇನಿನ ವಾಸನೆ ಮೈಗೆ ಬಳಿದುಕೊಂಡು ಬಂತು.

“ನಾನು ನಿಮ್ಮವಳೇ. ಮೂಸಿ ನೋಡು, ತಾಯಿ.”

“ಇದು ನಿನ್ನೆಯ ವಾಸನೆ. ಹೊರಡು.”

“ಇವತ್ತಿನದು ಬೇರೆ ಅಂತ ನಿನಗೆ ಯಾರು ಹೇಳಿದರು, ಪಂಡಿತೆ?”

“ರಾಣಿ ದಿನಾ ಬೆಳಗ್ಗೆ ಹೊಸ ವಾಸನೆಯನ್ನು ನನ್ನ ಮೀಸೆಗೆ ಸವರಿ ಕಳಿಸುತ್ತಾಳೆ. ಅದಕ್ಕೆ ಹೊಂದಿದವರು ಒಳಗೆ, ಹೊಂದದವರು ಹೊರಗೆ.”

“ಹಾಗಾದರೆ ನಿನ್ನದೇ ಬುದ್ಧಿ ಎಂಬುದು ಏನೂ ಇಲ್ಲ.”

“ಇದ್ದಿದ್ದರೆ, ನಾನೇ ಕೂಡಿಟ್ಟ ನಿನ್ನೆಯ ವಾಸನೆಯನ್ನು ನಂಬಿ ನಿನಗೆ ದಾರಿ ಬಿಡುತ್ತಿದ್ದೆ.”

ಆ ಮಾತಿಗೆ ಗೂಡೆಲ್ಲ ಗುಂಯ್‌ಗುಟ್ಟಿತು. ಕಣಜ ತೆಪ್ಪಗೆ ಹಾರಿಹೋಯಿತು. ಮರಿಗಳು ನಿದ್ದೆಯಿಂದ ಏಳಲೂ ಇಲ್ಲ. ಹುಲಿಗೂ ತಲೆಬಾಗದ ನಾನು ಆ ಎಳ್ಳುಕಾಳಿಗೆ ರುಮಾಲು ತೆಗೆದು ನಿಂತೆ.