ಹಾಸು ಒಗೆಯುವವನ ಮೂರು ಉತ್ತರ

"ಕೇಳಿರಯ್ಯಾ ಕೇಳಿರಿ! ಆರೈಕೆಶಾಲೆಯ ಪಾಠಗಳನ್ನು ರಾಣಿಯವರು ತಿದ್ದಿಸಲಿದ್ದಾರೆ. ಮೂರು ಒಗಟು ಬಿಡಿಸಿದವರಿಗೆ ಆ ಅಧಿಕಾರ. ತಪ್ಪಿದವರು ಜ್ವರದ ಮನೆಯಲ್ಲಿ ತಿಂಗಳು ಮಲಗಬೇಕು. ಆ ಶಾಲೆಯಲ್ಲಿ ಕಲಿತವರೇ ಅವರನ್ನು ನೋಡಿಕೊಳ್ಳುವರು!"

ಡಂಗುರ ಕೇಳಿ ಊರು ನಡುಗಿತು. ಜ್ವರದ ಮನೆಗೆ ಹೋದವರು ಮರಳಿದ್ದು ಕಡಿಮೆ. ಶಾಲೆಯ ಶಿಷ್ಯರು ನಾನೂರು ಶ್ಲೋಕ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ರಾಣಿಯ ಮಗಳು ಅವರ ಕೈಯಲ್ಲೇ ತೀರಿಕೊಂಡಿದ್ದಳು.

ಚೌಡ ಜ್ವರದ ಮನೆಯಲ್ಲಿ ಹಾಸುಬಟ್ಟೆ ಒಗೆಯುವವನು. ಅವನ ತಾಯಿ ಕಾಲು ಮುರಿದು ಅಲ್ಲೇ ಮಲಗಿದ್ದಳು. ಆ ಬೆಳಿಗ್ಗೆ ಅವಳ ಹಾಸಿನಲ್ಲಿ, ಬೆನ್ನಿನ ನೇರಕ್ಕೆ, ಉಗುರಗಲದ ರಕ್ತದ ಕಲೆಯಿತ್ತು. ಇಂಥ ಕಲೆ ದಿನದಿನಕ್ಕೆ ಹಿಗ್ಗಿ, ಕೊನೆಗೆ ಹಾಸು ಚಟ್ಟದ ಜೊತೆಯೇ ಹೋಗುವುದನ್ನು ಅವನು ಕಂಡಿದ್ದ. ಬಟ್ಟೆ ಕಲ್ಲಿನ ಮೇಲೆಯೇ ಬಿಟ್ಟು ಅರಮನೆಗೆ ಬಂದ.

"ಹಲ್ಲಿಲ್ಲ, ಬಾಯಿಲ್ಲ, ಮಲಗಿದವರ ಬೆನ್ನು ತಿನ್ನುತ್ತದೆ. ಏನದು?" ರಾಣಿ ಕೇಳಿದಳು.

"ಹುಳ," ಎಂದ ಅರಮನೆಯ ವೈದ್ಯ. "ಪೂರ್ವಜನ್ಮದ ಪಾಪ," ಎಂದರು ಶಾಲೆಯ ಹಿರಿಯ ಗುರು ನರಹರಿ ಪಂಡಿತರು. ಭಟರು ಇಬ್ಬರ ರಟ್ಟೆಯನ್ನೂ ಹಿಡಿದರು.

"ತಾಯೀ, ಬೇಕಾದರೆ ತಲೆ ತೆಗೆಸಿ! ನನ್ನ ಶಿಷ್ಯರ ಕೈಗೆ ಮಾತ್ರ ಕೊಡಬೇಡಿ!" ಎಂದು ಪಂಡಿತರು ಕೂಗಿಕೊಂಡರು.

ಚೌಡ ಮುಂದೆ ಬಂದು ಕೈಮುಗಿದ. ತಾನೂ ತಪ್ಪಿದರೆ ಅವ್ವನನ್ನು ನೋಡುವವರಿಲ್ಲ.

"ಲೋ, ಕಲ್ಲಿನ ಮೇಲೆ ಬಟ್ಟೆ ಒಣಗೀತು, ಹೋಗಿ ಒಗಿಯೋ!" ಎಂದು ಯಾರೋ ನಕ್ಕರು.

"ಹಾಸಿಗೆ, ತಾಯೀ. ಮಗ್ಗುಲು ಬದಲಿಸದಿದ್ದರೆ ಅದೇ ಬೆನ್ನು ತಿನ್ನುತ್ತೆ. ಒಗೆಯುವವನಿಗೆ ಕಲೆ ಕಾಣುತ್ತೆ."

ರಾಣಿ ತಲೆಯಾಡಿಸಿ ಎರಡನೆಯ ಒಗಟು ಹೇಳಿದಳು.

"ಐದು ಕಾಲಿನ ಕುದುರೆ, ಜ್ವರ ಹೊತ್ತು ಮಂಚದಿಂದ ಮಂಚಕ್ಕೆ ಹೋಗುತ್ತದೆ."

"ಕೈ, ತಾಯೀ. ಒಬ್ಬರನ್ನು ಮುಟ್ಟಿ, ತೊಳೆಯದೆ ಇನ್ನೊಬ್ಬರನ್ನು ಮುಟ್ಟುತ್ತಾರೆ. ಇವತ್ತು ಒಂದು ಹಾಸಿನಲ್ಲಿದ್ದ ಕೀವು ನಾಳೆ ಪಕ್ಕದ ಹಾಸಿನಲ್ಲೂ ಇರುತ್ತೆ."

"ಗುರು ಮಲಗಿರುತ್ತಾನೆ, ಶಿಷ್ಯ ನಿಂತಿರುತ್ತಾನೆ. ಗುರುವಿನ ಪಾಠ ಶಿಷ್ಯನ ಕಿವಿಗೆ ಬೀಳದು. ಯಾರಾ ಗುರು?"

ಚೌಡ ಒಗಟನ್ನು ತನ್ನಲ್ಲೇ ಮತ್ತೆ ಹೇಳಿಕೊಂಡ. ಗುರು ಮಲಗುವುದುಂಟೆ? ಆಗ ಅವ್ವ ನಿನ್ನೆ ಗೊಣಗಿದ್ದು ನೆನಪಾಯಿತು: "ಬೆನ್ನು ಉರಿಯುತ್ತೆ ಅಂತ ಹತ್ತು ಸಲ ಹೇಳಿದೆ ಕಣೋ. ಯಾರೂ ಕೇಳಿಸಿಕೊಳ್ಳಲಿಲ್ಲ."

"ರೋಗಿ," ಎಂದ.

ರಾಣಿ ಪೀಠದಿಂದ ಇಳಿದು ಬಂದಳು. "ನನ್ನ ಮಗಳೂ ಹೇಳುತ್ತಲೇ ಇದ್ದಳು, ಯಾರೂ ಕೇಳಲಿಲ್ಲ," ಎಂದಳು. "ಇನ್ನು ಶಾಲೆಯ ಪಾಠ ನಿನ್ನ ಮಾತಿನಂತೆ. ಆ ಶ್ಲೋಕಗಳನ್ನು ಸುಡಿಸಲೇ?"

"ಬೇಡ ತಾಯೀ, ಅದರಲ್ಲಿ ಮದ್ದಿನ ವಿಚಾರವಿದೆಯಂತೆ. ಆದರೆ ಮೊದಲ ವಾರ ಶಿಷ್ಯರೇ ಅಲುಗಾಡದೆ ಮಂಚದಲ್ಲಿ ಮಲಗಲಿ. ಆಮೇಲೆ ಕೈ ತೊಳೆಯುವುದು ಕಲಿಯಲಿ. ಶ್ಲೋಕ ಆಮೇಲೆ. ಯಾರು ತೇರ್ಗಡೆ ಅಂತ ಮಲಗಿರುವವರೇ ಹೇಳಲಿ."

ಜ್ವರದ ಮನೆಯಲ್ಲಿ ತಿಂಗಳ ಬದಲು ಮೂರೇ ದಿನ ಮಲಗಿ, ರಾಣಿಯ ಕ್ಷಮೆಯಿಂದ ವೈದ್ಯನ ಜೊತೆ ಬಿಡುಗಡೆಯಾದ ಪಂಡಿತರು ಈ ಹೊಸ ಪಾಠಕ್ಕೆ ಎಲ್ಲರಿಗಿಂತ ಮೊದಲು ತಲೆದೂಗಿದರು.

ಚೌಡ ದಿನಕ್ಕೆ ಹತ್ತು ಸಲ ಮಗ್ಗುಲು ಬದಲಿಸಿದ್ದರಿಂದ ತಾಯಿಯ ಬೆನ್ನಿನ ಹುಣ್ಣು ಮಾಯತೊಡಗಿತ್ತು. ಹೊಸ ಪಾಠದ ಮೊದಲ ಪರೀಕ್ಷೆ ನಡೆದದ್ದು ಅವಳ ಮಂಚದ ಬಳಿ. ಇಬ್ಬರು ಶಿಷ್ಯರು ಬಂದು ಶ್ಲೋಕ ಹೇಳಿದರು. ಆಕೆ ಕಣ್ಣು ಮುಚ್ಚಿಕೊಂಡಳು. ಮೂರನೆಯ ಹುಡುಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಗ್ಗಿದಳು.

"ಅವ್ವಾ, ಹೇಗೆ ಮಲಗಿದರೆ ನಿಮಗೆ ಹಾಯೆನಿಸುತ್ತೆ?"

ಆಕೆ ಕಣ್ಣು ತೆರೆದಳು. "ಕೂತ್ಕೋ ಮಗಳೇ, ಹೇಳ್ತೀನಿ," ಎಂದು ಪಾಠ ಶುರುಮಾಡಿದಳು.