ಜಾಲಿಕಟ್ಟಿಯ ಬಿಳಿ ದಾರ

ಹೊಳೆದಂಡೆಯ ಆಶ್ರಮದಲ್ಲಿ ಒಬ್ಬ ಅಜ್ಜ ಇದ್ದರು. ದೇವರ ಬಗ್ಗೆ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಮಣ್ಣಿನ ಬಗ್ಗೆ ಕೇಳಿದರೆ ಊಟ ಮರೆತು ಮಾತಾಡುತ್ತಿದ್ದರು. ಹಾಗಾಗಿ ಜನ ಅವರಿಗೆ ಮಣ್ಣಜ್ಜ ಎಂದೇ ಹೆಸರಿಟ್ಟಿದ್ದರು.

ಸೀಮೆಯಲ್ಲಿ ಎಲ್ಲಿ ಬಾವಿ ತೋಡಿದರೂ ಅಜ್ಜನ ಶಿಷ್ಯರು ಅಲ್ಲಿ ಹಾಜರು. ಮೊಳಕ್ಕೊಂದು ಹಿಡಿ ಮಣ್ಣು ತರುತ್ತಿದ್ದರು. ಅಂಟು ಬೆರೆಸಿ ಮಣಿ ಮಾಡಿ, ತೋಡಿದ ಕ್ರಮದಲ್ಲೇ ದಾರಕ್ಕೆ ಪೋಣಿಸುತ್ತಿದ್ದರು. ಒಂದು ಬಾವಿಗೆ ಒಂದು ಸರ.

ಆಶ್ರಮದ ದೊಡ್ಡ ಪಡಸಾಲೆಯ ನೆಲದ ಮೇಲೆ ಸೀಮೆಯ ಊರುಗಳನ್ನೆಲ್ಲ ಗುರುತು ಹಾಕಿದ್ದರು. ಯಾವ ಊರಿನ ಬಾವಿಯೋ ಆ ಊರಿನ ಗುರುತಿನ ಮೇಲೆ ಜಂತಿಯಿಂದ ಅದರ ಸರ ತೂಗುತ್ತಿತ್ತು. ಮೇಲಿನ ಮಣಿ ನೆಲದ ಮಣ್ಣು, ಕೊನೆಯ ಮಣಿ ಬಾವಿಯ ತಳ.

ಒಂದು ಸರದ ಮರಳಿನ ಮಣಿಯಿಂದ ಪಕ್ಕದೂರಿನ ಸರದ ಮರಳಿನ ಮಣಿಗೆ ಬಿಳಿ ದಾರ. ಗರಸಿನಿಂದ, ಅಂದರೆ ಗಟ್ಟಿ ಕೆಂಪು ಜಲ್ಲಿಮಣ್ಣಿನಿಂದ, ಗರಸಿಗೆ ಕೆಂಪು ದಾರ. ಬಂಡೆಯಿಂದ ಬಂಡೆಗೆ ಕಪ್ಪು ದಾರ. ಪಡಸಾಲೆಗೆ ಕಾಲಿಟ್ಟರೆ ಸೀಮೆಯ ಹೊಟ್ಟೆಯೊಳಗೆ ನಿಂತಂತೆ. ಬಗ್ಗಿ ನಡೆಯದವರ ಮೂಗಿಗೆ ದಾರ ಸಿಕ್ಕಿಕೊಳ್ಳುತ್ತಿತ್ತು.

ಹೊಸ ಬಾವಿ ಬೇಕೆಂದು ಯಾವುದಾದರೂ ಊರಿನವರು ಬಂದರೆ ಆ ಊರಿನ ಗುರುತಿನ ಮೇಲೆ ನಿಲ್ಲುವುದು. ಅಲ್ಲಿ ಹಾದುಹೋದ ದಾರ ಎಷ್ಟನೇ ಮಣಿಯ ಮಟ್ಟದಲ್ಲಿದೆ ಎಂದು ನೋಡುವುದು. ಎಷ್ಟು ಮೊಳಕ್ಕೆ ಏನು ಸಿಗುತ್ತದೆ ಎಂದು ಹೇಳಿ ಕಳಿಸುವುದು.

ದಾರ ಕಟ್ಟುವವನು ಮುರಿಗೆಪ್ಪ. ಹನ್ನೆರಡು ವರ್ಷದಿಂದ ಅಜ್ಜನ ಬಳಿ ಇದ್ದ. ಕೈ ಚುರುಕು, ಜೊತೆಗೆ ಸ್ವಲ್ಪ ಜಂಬ. ಜಾಲಿಕಟ್ಟಿಯವರು ಬಂದಾಗ ಅವನೇ ನೋಡಿ ಹೇಳಿದ್ದ.

"ಹದಿನೆಂಟು ಮೊಳಕ್ಕ ಜಾರುಮರಳು ಬರ್ತೈತಿ. ಅಲ್ಲೀತನಕ ಗಟ್ಟಿ ಗರಸು. ಹದಿನಾರು ಆಗೂತನಕ ಹಲಗಿ ಕೊಡೂ ಕೆಲಸಿಲ್ಲ."

ಅವರ ಜೊತೆ ಬಂದಿದ್ದ ಬಾವಿ ತೋಡುವ ಹುಲುಗಪ್ಪ ಅದನ್ನು ಕೇಳಿಸಿಕೊಂಡ. ಗೋಡೆ ಕುಸಿಯದಂತೆ ಸುತ್ತಲೂ ಹಲಗೆ ಆನಿಸುವುದೆಂದರೆ ಮರ ಬೇಕು, ದಿನ ಬೇಕು. ಬೇಡವೆಂದರೆ ಒಳ್ಳೆಯದೇ ಆಯಿತು. ಅವನೂ ಅವನ ಬೆಳೆದ ಇಬ್ಬರು ಮಕ್ಕಳೂ ಹಲಗೆಯಿಲ್ಲದೆ ತೋಡುತ್ತ ಇಳಿದರು. ದಿನಕ್ಕೆ ಎರಡು ಮೊಳ.

ಐದನೆಯ ದಿನ ಬೆಳಿಗ್ಗೆ ಮುರಿಗೆಪ್ಪ ಬೇರೊಂದು ಬಾವಿಯ ಮಣಿ ಪೋಣಿಸುತ್ತ ಕುಳಿತಿದ್ದ.

ಮೊದಲ ಮಣಿ ಹಾಕಿದ. ಅದು ಜಾರಿ ದಾರದ ತುದಿಯ ಗಂಟಿಗೆ ಹೋಗಿ ಕೂತಿತು. ಎರಡನೆಯದು ಅದರ ಮೇಲೆ. ಮೂರನೆಯದು ಅದರ ಮೇಲೆ.

ಮೊದಲು ತೋಡಿದ ಮಣ್ಣು ಕೆಳಗೆ, ಕೊನೆಗೆ ತೋಡಿದ್ದು ಮೇಲೆ. ಆದ್ದರಿಂದ ಪೋಣಿಸಿದ ಸರವನ್ನು ತಿರುವಿ ತೂಗುಹಾಕಬೇಕು. ಆಶ್ರಮಕ್ಕೆ ಬಂದವರಿಗೆಲ್ಲ ಮೊದಲ ದಿನ ಹೇಳಿಕೊಡುವ ಪಾಠ ಅದು.

ಮುರಿಗೆಪ್ಪನ ಕೈ ನಿಂತಿತು. ಸಿರಗನಹಾಳದ ಸರವನ್ನು ತಿರುವಿದ್ದೆನೇ?



ಜಾಲಿಕಟ್ಟಿಯ ಮೇಲೆ ಹಾದ ಬಿಳಿ ದಾರದ ಒಂದು ತುದಿ ಅಂಬಳಿಕೊಪ್ಪದ ಸರದ ಹದಿನಾರನೆಯ ಮಣಿಯಲ್ಲಿ, ಇನ್ನೊಂದು ಸಿರಗನಹಾಳದ ಸರದಲ್ಲಿ. ಎದ್ದು ಹೋಗಿ ಸಿರಗನಹಾಳದ್ದನ್ನು ನೋಡಿದ. ಮೇಲೂ ಕೆಂಪು ಗರಸು, ಕೆಳಗೂ ಕೆಂಪು ಗರಸು. ನಡುವೆ ಒಂದೇ ಒಂದು ಮರಳಿನ ಮಣಿ. ಮೇಲಿನಿಂದ ಎಣಿಸಿದರೆ ಇಪ್ಪತ್ತನೆಯದು, ಕೆಳಗಿನಿಂದ ಏಳನೆಯದು. ಯಾವ ಕಡೆ ತಲೆ, ಯಾವ ಕಡೆ ಕಾಲು ಎಂದು ನೋಡಿದರೆ ತಿಳಿಯುವಂತಿರಲಿಲ್ಲ.

ಅಂದು ತಿರುವಿದ್ದರೆ ಜಾಲಿಕಟ್ಟಿಯಲ್ಲಿ ಮರಳು ಹದಿನೆಂಟು ಮೊಳಕ್ಕೆ. ತಿರುವಿರದಿದ್ದರೆ ಹನ್ನೊಂದಕ್ಕೆ.

ಹುಲುಗಪ್ಪ ನಿನ್ನೆಗೇ ಎಂಟು ಮೊಳ ಇಳಿದಿದ್ದ.

ಮುರಿಗೆಪ್ಪ ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದ. ಅಂದು ಹೊಳೆಗೆ ಹೊಸ ನೀರು ಬಂದಿತ್ತು. ಎಲ್ಲರೂ ನೋಡಲು ಓಡಿದ್ದರು. ಅವನೂ ಅವಸರದಲ್ಲಿ ಸರ ತೂಗುಹಾಕಿ ಓಡಿದ್ದ. ಕೆಂಪು ನೀರು ನೆನಪಿತ್ತು. ತೇಲಿಬಂದ ಕುಂಬಳಕಾಯಿ ನೆನಪಿತ್ತು. ಕೈ ಏನು ಮಾಡಿತ್ತೆಂಬುದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಅಜ್ಜ ಕಟ್ಟೆಯ ಮೇಲೆ ಕೂತು ಅಂಟಿಗೆಂದು ಹುಣಸೆ ಬೀಜ ಕುಟ್ಟುತ್ತಿದ್ದರು.

"ಅಜ್ಜಾರ, ಸಿರಗನಹಾಳದ ಬಾವಿ ತೋಡಿದವರು ಎಲ್ಲಿ ಅದಾರ್ರಿ?"

"ಗುಳೆ ಹೋಗಿ ಏಳು ವರ್ಷಾತು. ಎಲ್ಲಿ ಅದಾರೋ ಯಾರಿಗೆ ಗೊತ್ತು."

"ಆ ಬಾವಿಯಾಗ ಇಳಿದು ನೋಡಾಕ ಬರ್ತೈತೇನ್ರಿ?"

"ಒಳಗೆಲ್ಲ ಕಲ್ಲು ಕಟ್ಯಾರ. ನೀರು ಬ್ಯಾರೆ ತುಂಬೇತಿ. ಯಾಕಪಾ?"

"ಸುಮ್ಮ ಕೇಳಿದೆ, ಅಷ್ಟ."

ಸುಮ್ಮನೆ ಕೇಳಿದವನ ಮುಖ ಹಾಗೆ ಬೂದಿ ಬಣ್ಣ ಆಗಿರುವುದಿಲ್ಲ. ಅಜ್ಜ ನೋಡಿದರು, ಮತ್ತೆ ಬೀಜ ಕುಟ್ಟತೊಡಗಿದರು.

ಬರುವ ಹುಣ್ಣಿಮೆಗೆ ಪಡಸಾಲೆಯ ಬೀಗದ ಕೈಯನ್ನು ಮುರಿಗೆಪ್ಪನಿಗೆ ಕೊಡುವುದೆಂದು ಅಜ್ಜ ಎಲ್ಲರೆದುರು ಹೇಳಿದ್ದರು. ಈಗ ಹೋಗಿ, ಸರ ತಿರುವಿದ್ದೆನೋ ಇಲ್ಲವೋ ಗೊತ್ತಿಲ್ಲ ಎನ್ನುವುದು ಹೇಗೆ? ಮೊದಲು ಗೊತ್ತುಮಾಡಿಕೊಳ್ಳೋಣ, ಆಮೇಲೆ ಹೇಳೋಣ ಎಂದುಕೊಂಡ. ಆ 'ಆಮೇಲೆ' ಅವನಿಗೆ ಬಹಳ ಹಿತವಾಗಿ ಕಂಡಿತು.

ಆಶ್ರಮದವರಿಗೆ ಇನ್ನೊಂದು ವಿದ್ಯೆಯೂ ಇತ್ತು. ಒಬ್ಬ ಒನಕೆಯಿಂದ ನೆಲಕ್ಕೆ ಗುದ್ದುವುದು, ಇನ್ನೊಬ್ಬ ದೂರದಲ್ಲಿ ಹುಗಿದ ಮಡಕೆಗೆ ಕಿವಿಯಿಟ್ಟು ಕೇಳುವುದು. ಮರಳು ಮೇಲೇ ಇದ್ದರೆ ಸದ್ದು ಮಂದ, ಆಳದಲ್ಲಿದ್ದರೆ ಖಣಖಣ. ಬಾವಿಯಿಲ್ಲದ ಬಯಲನ್ನೆಲ್ಲ ಹೀಗೆ ಗುದ್ದಿ, ಕೇಳಿದ್ದನ್ನು ಕಡತದಲ್ಲಿ ಬರೆದಿಡುತ್ತಿದ್ದರು.

ಮುರಿಗೆಪ್ಪ ಕಡತ ತೆಗೆದ. ಸಿರಗನಹಾಳದ ಬಯಲಿನಲ್ಲಿ ಐದು ಕಡೆ ಗುದ್ದಿದ್ದರು. ಮೂರು ಕಡೆ ಮಂದ, ಎರಡು ಕಡೆ ಖಣಖಣ. ಒಮ್ಮೆ ಓದಿದಾಗ ಮರಳು ಮೇಲಿದೆ ಅನ್ನಿಸಿತು. ಅದು ಹೆದರಿಕೆಯಿಂದ ಓದಿದ್ದು ಎಂದುಕೊಂಡು ಮತ್ತೆ ಓದಿದ. ಆಗ ಆಳದಲ್ಲಿದೆ ಅನ್ನಿಸಿತು. ಮೂರನೆಯ ಸಲ ಓದುವಾಗ ಅಕ್ಷರಗಳೇ ಕಾಣಲಿಲ್ಲ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಕಡತ ಹಿಡಿದುಕೊಂಡೇ ಹೋಗಿ ಅಜ್ಜನ ಮುಂದೆ ಕುಸಿದು ಕೂತ. ಎಲ್ಲವನ್ನೂ ಹೇಳಿದ. ಕುಂಬಳಕಾಯಿಯನ್ನೂ ಬಿಡಲಿಲ್ಲ.

"ಎರಡರಾಗ ಯಾವುದು ಖರೇ ಅಂತ ನೀವರ ಹೇಳ್ರಿ ಅಜ್ಜಾರ."

ಅಜ್ಜ ಎದ್ದು ಪಡಸಾಲೆಯೊಳಗೆ ಹೋದರು. ಅವನನ್ನು ಜಾಲಿಕಟ್ಟಿಯ ಗುರುತಿನ ಮೇಲೆ ನಿಲ್ಲಿಸಿದರು.

"ಹುಲುಗಪ್ಪ ಈಗ ಎಲ್ಲಿ ಅದಾನ?"

ಮುರಿಗೆಪ್ಪ ಪಕ್ಕದ ಸರದ ಮಣಿ ಎಣಿಸಿದ. ಒಂಬತ್ತನೆಯದಕ್ಕೆ ಬೆರಳು ನಿಲ್ಲಿಸಿದ.

"ಸಂಜೀಕ?"

ಬೆರಳು ಹತ್ತನೆಯದಕ್ಕೆ ಇಳಿಯಿತು.

"ನಾಳೆ?"

ಮುರಿಗೆಪ್ಪನ ಬೆರಳು ಇಳಿಯಲಿಲ್ಲ. ಅಜ್ಜ ಆಗಲೇ ಕೆರ ಮೆಟ್ಟಿಕೊಳ್ಳುತ್ತಿದ್ದರು.

"ಎಲ್ಲಿಗ್ರಿ?"

"ಜಾಲಿಕಟ್ಟಿಗೆ."

"ಹೋಗಿ ಏನಂತ ಹೇಳೂದ್ರಿ? ಹನ್ನೊಂದೋ ಹದಿನೆಂಟೋ ಇನ್ನಾ ಗೊತ್ತಾಗಿಲ್ಲಲ್ರಿ."

"ಅದನ್ನ ಹೇಳು."

"ಗೊತ್ತಿಲ್ಲ ಅನ್ನಾಕ ಎರಡು ಹರದಾರಿ ನಡೀಬೇಕೇನ್ರಿ?"

"ಓಡಬೇಕು," ಎಂದರು ಅಜ್ಜ. "ನಾ ಮುದುಕ, ಹಿಂದಿಂದ ಬರ್ತೀನಿ. ನೀ ಓಡು."

ಮುರಿಗೆಪ್ಪ ಓಡಿದ. ಬಿಸಿಲು ನೆತ್ತಿ ಸುಡುತ್ತಿತ್ತು, ಬಾಯಿ ಒಣಗಿತ್ತು. ಬೆಳಿಗ್ಗೆಯೇ ಹೊರಟಿದ್ದರೆ ಇಷ್ಟೊತ್ತಿಗೆ ತಲುಪಿ ಎಷ್ಟೋ ಹೊತ್ತಾಗಿರುತ್ತಿತ್ತು ಎಂಬ ಒಂದೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಬೀಗದ ಕೈ ಅವನಿಗೆ ನೆನಪೇ ಆಗಲಿಲ್ಲ.

ಬಾವಿಯ ಬಳಿ ಯಾರೂ ಕಾಣಲಿಲ್ಲ. ಹಗ್ಗ ಅಲುಗದೆ ಇಳಿಬಿದ್ದಿತ್ತು. ಅಂಚಿನಲ್ಲಿ ಬಗ್ಗಿ ನೋಡಲು ಧೈರ್ಯ ಸಾಲದೆ ಅಲ್ಲೇ ನಿಂತ.

ಕೆಳಗಿನಿಂದ ಗುದ್ದಲಿಯ ಸದ್ದು ಬಂತು. ಮುರಿಗೆಪ್ಪನಿಗೆ ಅಳು ಬಂದುಬಿಟ್ಟಿತು.

"ಹುಲುಗಪ್ಪಾ, ಮ್ಯಾಲೆ ಬಾ."

"ಯಾಕ್ರಿ ಅಯ್ಯಾರ?"

"ಮೊದಲ ಮ್ಯಾಲೆ ಬಾ. ಮಕ್ಕಳನ್ನೂ ಕರಕೊಂಡು ಬಾ."

ಮೂವರೂ ಹತ್ತಿ ಬಂದರು. ಮುರಿಗೆಪ್ಪ ನಡೆದದ್ದನ್ನು ಹೇಳಿದ. ಹುಲುಗಪ್ಪ ಅಂಗೈಯ ಮಣ್ಣು ಉದುರಿಸುತ್ತ ಕೇಳಿದ.

"ಹಂಗಾರ ಮರಳು ಹನ್ನೊಂದಕ್ಕ ಬರ್ತೈತೇನ್ರಿ?"

"ಗೊತ್ತಿಲ್ಲ."

"ಹದಿನೆಂಟಕ್ಕ?"

"ಅದೂ ಗೊತ್ತಿಲ್ಲ."

"ಮತ್ತ ನಿಮಗ ಗೊತ್ತಿರೂದರ ಏನ್ರಿ?"

"ಸರಾ ತಿರುವಿದ್ನೋ ಇಲ್ಲೋ ನನಗ ನೆನಪಿಲ್ಲ. ಅಷ್ಟ ಗೊತ್ತೈತಿ."

ಹಿರಿಯ ಮಗ ಕಿಸಕ್ಕನೆ ನಕ್ಕ. ಹುಲುಗಪ್ಪ ನಗಲಿಲ್ಲ. ಬಾವಿಯನ್ನು ನೋಡಿದ, ಮಕ್ಕಳನ್ನು ನೋಡಿದ.

"ಹಲಗಿ ಹೊಂದಸ್ರಿ," ಎಂದ.

ಮೂರು ದಿನ ಅದೇ ಕೆಲಸವಾಯಿತು. ಊರವರು ಗೊಣಗಿದರು. ಚಕ್ಕಡಿಯ ಹಲಗೆ ಬಂತು, ಹಳೆಯ ಮಂಚ ಬಂತು. ಮುರಿಗೆಪ್ಪನೂ ಹೆಗಲು ಕೊಟ್ಟು ಹೊತ್ತ. ಮೇಲಿನಿಂದ ಕೆಳಗಿನವರೆಗೆ ಹಲಗೆ ಕೊಟ್ಟು, ನಡುವೆ ಅಡ್ಡ ತೊಲೆ ಬಿಗಿದು, ಮತ್ತೆ ತೋಡಲು ಇಳಿದರು. ಒಂದೊಂದು ಮೊಳ ಇಳಿದಂತೆ ಅಷ್ಟಷ್ಟು ಹಲಗೆ.

ಹತ್ತು ಮುಗಿಯಿತು. ಹನ್ನೊಂದು ಬಂತು. ಮುರಿಗೆಪ್ಪ ಅಂಚಿನಲ್ಲಿ ಕೂತಿದ್ದ. ಬುಟ್ಟಿಯಲ್ಲಿ ಬಂದದ್ದು ಕೆಂಪು ಗರಸು.

ಹನ್ನೆರಡಕ್ಕೂ ಗರಸೇ.

ಮುರಿಗೆಪ್ಪನ ಮುಖ ಅರಳಿತು. ಹಾಗಾದರೆ ಅಂದು ಸರವನ್ನು ತಿರುವಿಯೇ ಇದ್ದೆ. ಹೊಳೆ ನೋಡುವ ಅವಸರದಲ್ಲೂ ಕೈ ಪಾಠ ಮರೆತಿರಲಿಲ್ಲ. ಎಷ್ಟೋ ದಿನದ ಮೇಲೆ ಹಸಿವಾದಂತಾಯಿತು.

ಕೆಳಗಿನಿಂದ ಹುಲುಗಪ್ಪ ಕೂಗಿದ. "ಅಯ್ಯಾರ, ಹನ್ನೆರಡು ಮುಗೀತು. ಮರಳಿಲ್ಲ. ಹಲಗೀನೂ ಮುಗದಾವು. ಇನ್ನ ಹದಿನಾರರತನಕ ಬ್ಯಾಡಲ್ರಿ?"

'ಬ್ಯಾಡ' ಎಂಬ ಮಾತು ನಾಲಗೆಯ ತುದಿಗೆ ಬಂತು. ಮುರಿಗೆಪ್ಪ ಅಜ್ಜನ ಕಡೆ ನೋಡಿದ. ಅಜ್ಜ ಜಾಲಿಮರದ ಕೆಳಗೆ ಕೂತು ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದರು. ತಲೆಯನ್ನೇ ಎತ್ತಲಿಲ್ಲ.

ಮುರಿಗೆಪ್ಪ ಆ ದಿನದ ಹೊಳೆಯನ್ನು ಮತ್ತೊಮ್ಮೆ ನೆನೆದ. ಈಗಲೂ ಕುಂಬಳಕಾಯಿಯೇ ಕಂಡಿತು, ಕೈ ಕಾಣಲಿಲ್ಲ.

"ಬೇಕು ಹುಲುಗಪ್ಪಾ. ಹಲಗಿ ಕೊಟ್ಟ ಇಳಿ."

"ಯಾಕ್ರಿ? ನಿಮ್ಮ ಸರಾ ಸರಿ ಇತ್ತಲ್ರಿ."

"ಇರಬಹುದು. ನನಗ ಗೊತ್ತಿಲ್ಲ."

ಊರವರು ಈ ಸಲ ಬಾಯಿಬಿಟ್ಟೇ ಬೈದರು. ಇವನ ಗೊತ್ತಿಲ್ಲಕ್ಕೆ ಊರಿನ ಬಾಗಿಲುಗಳೆಲ್ಲ ಬಾವಿಗೆ ಹೋಗುತ್ತಿವೆ ಎಂದರು. ಮುರಿಗೆಪ್ಪ ತಲೆ ತಗ್ಗಿಸಿ, ದನದ ಕೊಟ್ಟಿಗೆಯೊಂದರ ಬಾಗಿಲು ಕೇಳಿ ಹೊತ್ತು ತಂದ.

ಮರುದಿನ ಮಧ್ಯಾಹ್ನ ಹದಿನಾಲ್ಕನೆಯ ಮೊಳದಲ್ಲಿ ಹುಲುಗಪ್ಪನ ಗುದ್ದಲಿ ಸದ್ದಿಲ್ಲದೆ ಒಳಗೆ ಹೋಯಿತು.

ಆಮೇಲೆ ಸರ್ರನೆ ಸದ್ದು. ಹಲಗೆಗಳು ಕಿರುಗುಟ್ಟಿದವು. ಕೆಳಗಿನಿಂದ ಒಂದು ಕೂಗು ಬಂತು, ಅದರಲ್ಲಿ ಮಾತಿರಲಿಲ್ಲ. ಮೇಲಿದ್ದವರೆಲ್ಲ ಹಗ್ಗಕ್ಕೆ ಬಿದ್ದು ಎಳೆದರು. ಕಿರಿಯ ಮಗ ಬಂದ, ಹಿರಿಯ ಮಗ ಬಂದ. ಕೊನೆಗೆ ಹುಲುಗಪ್ಪ ಬಂದ, ಸೊಂಟದವರೆಗೂ ಮರಳು ಮೆತ್ತಿಕೊಂಡಿತ್ತು.

ಗೋಡೆಯ ಹಲಗೆಗಳು ಒಳಕ್ಕೆ ಬಾಗಿದ್ದವು. ಆದರೆ ನಿಂತಿದ್ದವು. ಕೊಟ್ಟಿಗೆಯ ಬಾಗಿಲಿನ ಅಂಚಿನಿಂದ ಮರಳು ಇನ್ನೂ ಜಾರುತ್ತಿತ್ತು.

ಹುಲುಗಪ್ಪ ನೀರು ಕೇಳಿದ. ಅರ್ಧ ಕುಡಿದು ಉಳಿದದ್ದನ್ನು ಮಕ್ಕಳಿಗೆ ಕೊಟ್ಟ. ಮುರಿಗೆಪ್ಪ ಹುಲುಗಪ್ಪನ ಪಕ್ಕದಲ್ಲೇ ಕೂತುಬಿಟ್ಟ.

ಆಶ್ರಮಕ್ಕೆ ಮರಳುವ ದಾರಿಯಲ್ಲಿ ಮುರಿಗೆಪ್ಪ ಅಜ್ಜನನ್ನು ಕೇಳಿದ.

"ಹನ್ನೊಂದೂ ಅಲ್ಲ, ಹದಿನೆಂಟೂ ಅಲ್ಲ, ಹದಿನಾಲ್ಕು. ಸರಾ ತಿರುವಿದ್ರೂ ತಪ್ಪ, ತಿರುವದಿದ್ರೂ ತಪ್ಪ ಆಗ್ತಿತ್ತಲ್ರಿ?"

"ಹೂಂ."

"ಎರಡು ಬಾವಿ ನಡುವ ನೆಲ ಹೆಂಗ ಹೋಗೇತಿ ಅನ್ನೂದು ದಾರಕ್ಕ ಹೆಂಗ ಗೊತ್ತಾಗಬೇಕ್ರಿ?"

"ಗೊತ್ತಾಗೂದಿಲ್ಲ."

"ಹಂಗಾರ ಎಲ್ಲಾ ದಾರ ಬಿಚ್ಚಿಬಿಡ್ತೀನ್ರಿ."

"ಬಿಚ್ಚು," ಎಂದರು ಅಜ್ಜ. "ನಾಳೆ ಮತ್ತೊಂದು ಊರಿನವರು ಬರ್ತಾರ. ಅವರಿಗೆ ಏನಂತಿ?"

 

ಕೆಲವು ದಿನ ಕಳೆದು ಜಾಲಿಕಟ್ಟಿಯ ಸರ ಸಿದ್ಧವಾಯಿತು. ಮುರಿಗೆಪ್ಪ ಅದನ್ನು ಎಲ್ಲರೆದುರು ತಿರುವಿದ, ಎರಡು ಸಲ ಎಣಿಸಿದ, ಜಂತಿಗೆ ತೂಗುಹಾಕಿದ. ಇನ್ನು ಅದರ ಮರಳಿನ ಮಣಿಯಿಂದ ಆಚೀಚೆಯ ಸರಗಳಿಗೆ ಬಿಳಿ ದಾರ ಕಟ್ಟಬೇಕು.

ದಾರ ಹಿಡಿದು ನಿಂತವನು ನಿಂತೇ ಇದ್ದ.

"ಅಜ್ಜಾರ, ಕೈ ಬರವಲ್ದು. ಇದನ್ನ ಹೆಂಗ ಕಟ್ಟಲ್ರಿ?"

ಅಜ್ಜ ಬಗ್ಗಿ, ದಾರಗಳ ಅಡಿಯಲ್ಲಿ ನುಸುಳಿ ಅವನ ಬಳಿ ಬಂದರು.

"ಹಿಂಗ ಕಟ್ಟು," ಎಂದರು. "ಹುಲುಗಪ್ಪ ಕೆಳಗ ಅದಾನ ಅಂತ ತಿಳಕೊಂಡು ಕಟ್ಟು."