ಬೆಳೆಯುವ ಕೂಸಿನ ಉಡಿದಾರ

ತುಂಗಭದ್ರೆಯ ದಂಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್ ಗಿರಿಜಾಂಬ ಕೂಸುಗಳ ಹೃದಯ ಸರಿಪಡಿಸುತ್ತಿದ್ದರು. ಅವರ ಶಿಷ್ಯ ಶ್ರೀಕರನ ಕೈ ಬಲು ಚುರುಕು. ಅದು ಅವನಿಗೂ ಗೊತ್ತಿತ್ತು, ತುಸು ಹೆಚ್ಚೇ ಗೊತ್ತಿತ್ತು.

ದಿನಾ ಸಂಜೆ ಅವನು ಮಾಂಸದಂಗಡಿಯಿಂದ ಆಡಿನ ಹೃದಯ ತಂದು, ಅದಕ್ಕೆ ರಕ್ತನಾಳ ಹೊಲಿದು ಕಲಿಯುತ್ತಿದ್ದ. ಹೊಲಿದ ಮೇಲೆ ನೀರು ತುಂಬಿ ತೋರಿಸುತ್ತಿದ್ದ.

"ನೋಡಿ ಮೇಡಂ, ಒಂದು ಹನಿ ಸೋರಲ್ಲ."

ಗಿರಿಜಾಂಬ ನೀರು ಚೆಲ್ಲಿ, ನಾಳ ಹೃದಯಕ್ಕೆ ಸೇರುವ ಬಾಯೊಳಗೆ ಪೆನ್ಸಿಲ್ ತೂರಿಸಲು ನೋಡುತ್ತಿದ್ದರು. ಅದು ಹೋಗುತ್ತಿರಲಿಲ್ಲ.

"ಬಿಚ್ಚಿ ಹೊಲಿ."

ಹನ್ನೊಂದು ಸಲ ಹೀಗಾಯಿತು. ಸೋರದಂತೆ ಹೊಲಿದ ಮೇಲೆ ಇನ್ನೇನು ಬೇಕು ಇವರಿಗೆ ಎಂದು ಶ್ರೀಕರ ಒಳಗೊಳಗೇ ಉರಿದ.

ಒಂದು ಮಧ್ಯಾಹ್ನ ಫಕೀರವ್ವ ಎಂಬಾಕೆ ಮಗಳ ಜೊತೆ ಒಂದು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಕೂಸಿನ ತುಟಿ ನೀಲಿಗಟ್ಟಿತ್ತು. ನಾಲ್ಕು ಗುಟುಕು ಹಾಲಿಗೇ ಬೆವೆತು, ಮೊಲೆ ಬಿಟ್ಟುಬಿಡುತ್ತಿತ್ತು. ಊರಲ್ಲಿ ಕಫವೆಂದು ಔಷಧಿ ಹಾಕಿದ್ದರು.

ಶ್ರೀಕರ ಹೃದಯದ ಎಕೋ ಸ್ಕ್ಯಾನ್ ಮಾಡಿ ನೋಡಿದ. ಶ್ವಾಸಕೋಶದಿಂದ ಶುದ್ಧ ರಕ್ತ ತರುವ ನಾಲ್ಕೂ ನಾಳಗಳು ಹೃದಯದ ಎಡಕ್ಕೆ ಸೇರುವ ಬದಲು ದಾರಿ ತಪ್ಪಿ ಬಲಕ್ಕೆ ಸೇರಿದ್ದವು. ಎಡಕ್ಕೆ ಜೋಡಿಸದಿದ್ದರೆ ಕೂಸು ವಾರ ಕಳೆಯುವುದೂ ಕಷ್ಟ.

"ನಾಳೆ ಬೆಳಿಗ್ಗೆ ಆಪರೇಷನ್," ಎಂದರು ಗಿರಿಜಾಂಬ.

"ಜೋಡಣೆ ನಾನು ಹೊಲೀಲಾ ಮೇಡಂ?"

"ಪೆನ್ಸಿಲ್‌ನ ಕೇಳು."

ಸಂಜೆ ಅವನು ಮುಖ ಊದಿಸಿಕೊಂಡೇ ವಾರ್ಡಿಗೆ ಹೋದ. ಆಪರೇಷನ್ನಿಗೆ ಮುಂಚೆ ಕೂಸಿನ ಮೈಮೇಲೆ ಏನೂ ಇರಬಾರದೆಂದು ಫಕೀರವ್ವ ಉಡಿದಾರ ಬಿಚ್ಚುತ್ತಿದ್ದಳು. ಕರಿದಾರ ಬಿಚ್ಚಿದಷ್ಟೂ ಬರುತ್ತಿತ್ತು.

"ಇಷ್ಟು ಸಣ್ಣ ಸೊಂಟಕ್ಕೆ ಇಷ್ಟುದ್ದ ದಾರ ಯಾಕಮ್ಮಾ?"

"ಕೂಸು ಬೆಳಿತೈತಲ್ರೀ ಡಾಕ್ಟರ್ರ. ಇವತ್ತಿನ ನಡಕ್ಕ ಬಿಗಿಯಾಗಿ ಕಟ್ಟಿದ್ರ ನಾಳೆ ಕೊಯ್ಯಂಗಿಲ್ಲೇನು? ಎರಡು ಬೆರಳು ಹೋಗುವಂಗ ಕಟ್ಟಿ, ಉಳಿದಿದ್ದು ಸುತ್ತಿ ಬಿಡತೀವಿ. ಬೆಳದಂಗ ಬೆಳದಂಗ ಸಡ್ಲ ಮಾಡೂದು."

ಅಷ್ಟು ಹೇಳಿ ಆಕೆ ಕಣ್ಣೊರೆಸಿಕೊಂಡಳು.

"ಇದಕ್ಕ ಇನ್ನೂ ಒಂದು ಸಲಾನೂ ಸಡ್ಲ ಮಾಡಿಲ್ರೀ."

ಶ್ರೀಕರ ಆ ದಾರವನ್ನೇ ನೋಡಿದ. ಹನಿ ಸೋರಬಾರದೆಂದು ತಾನು ಎಳೆದೆಳೆದು ಹೊಲಿದ ಬಾಯಿ, ದಾರ ಜಗ್ಗಿದ ಎಲೆಯಡಿಕೆ ಸಂಚಿಯ ಬಾಯಿಯಂತೆ ಮುದುಡಿಕೊಳ್ಳುತ್ತಿತ್ತೆಂದು ಆಗ ತಿಳಿಯಿತು. ಇಂದಿಗೇ ಇಕ್ಕಟ್ಟಾದ ಬಾಯಿ ನಾಳೆ ಬೆಳೆಯುವ ಕೂಸಿಗೆ ಹೇಗೆ ಸಾಕಾದೀತು? ಅವನಿಗೆ ನಾಚಿಕೆಯಾಯಿತು.

ಅವನು ಹೋಗಿ ಇನ್ನೊಂದು ಆಡಿನ ಹೃದಯ ತಂದು ಕೂತ. ಬಾಯಿ ಅಗಲವಾಗಿ ಕೊಯ್ದ. ದಾರ ಜಗ್ಗದೆ, ಒಂದೊಂದೇ ಹೊಲಿಗೆ ಹಾಕಿದ. ಪೆನ್ಸಿಲ್ ಸಲೀಸಾಗಿ ಒಳಗೆ ಹೋಯಿತು.

ಬೆಳಿಗ್ಗೆ ಗಿರಿಜಾಂಬ ಅದರೊಳಗೆ ಪೆನ್ಸಿಲ್ ತೂರಿಸಿ ನೋಡಿದರು. ಆಪರೇಷನ್ ನಡುವೆ ಸೂಜಿಯನ್ನು ಅವನ ಕೈಗೆ ಕೊಟ್ಟರು.

ಅವನು ಹೊಲಿದು ಮುಗಿಸಿದ. ಅಂಚಿನಲ್ಲಿ ಒಂದು ಹನಿ ಜಿನುಗಿತು. ಹಳೇ ಚಾಳಿ, ಬೆರಳು ದಾರ ಜಗ್ಗಲು ಹೋಯಿತು. ತಡೆದುಕೊಂಡ.

"ಸೋರ್ತಿದೆ ಮೇಡಂ."

"ಸೋರಲಿ. ಸ್ವಲ್ಪ ತಾಳು."

ಗಿರಿಜಾಂಬ ಅದರ ಮೇಲೆ ಬಟ್ಟೆ ಒತ್ತಿ ಹಿಡಿದರು. ತೆಗೆದಾಗ ಹನಿ ನಿಂತಿತ್ತು. ಆಪರೇಷನ್ನಿಗಾಗಿ ನಿಲ್ಲಿಸಿದ್ದ ಹೃದಯ ಮತ್ತೆ ಬಡಿಯತೊಡಗಿತು. ಕೂಸಿನ ತುಟಿಗೆ ಮೆಲ್ಲಗೆ ಕೆಂಪು ಬಂತು.

ಹದಿನೈದನೆಯ ದಿನ ಕೂಸು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತ್ತು. ಫಕೀರವ್ವ ಅದೇ ಕರಿದಾರ ಕಟ್ಟಿ, ಎರಡು ಬೆರಳು ತೂರಿಸಿ ನೋಡಿದಳು. ಶ್ರೀಕರನಿಗೆ ತಡೆಯಲಾಗಲಿಲ್ಲ.

"ಈಗಾದ್ರೂ ಹೇಳಿ ಮೇಡಂ, ನನ್ನ ಹೊಲಿಗೆ ಸರಿಯಾಗಿದೆಯಾ?"

"ನನ್ನನ್ನ ಯಾಕೆ ಕೇಳ್ತೀಯ? ಆ ದಾರ ಸಾಲದೆ ಹೊಸದು ಕಟ್ಟೋ ದಿನ ಫಕೀರವ್ವನೇ ಹೇಳ್ತಾರೆ."